ಬಲಗಿವಿಯ ತೀರ್ಪು

"ಬೆಸುಗೆಯಕ್ಕನ ಎದುರು ಕೆಮ್ಮಬೇಡಿ, ಎಷ್ಟನೇ ಪಕ್ಕೆಲುಬು ಸಡಿಲ ಅಂತ ಹೇಳಿಬಿಡ್ತಾಳೆ" ಎಂದು ಬೀದಿಯವರು ಆಡಿಕೊಳ್ಳುತ್ತಿದ್ದರು. ಹಂಗಿಸುವುದಕ್ಕಲ್ಲ, ಅಂಥ ಕಿವಿ ತಮ್ಮ ಬೀದಿಯಲ್ಲಿದೆ ಎಂಬ ಜಂಭಕ್ಕೆ.

ಅವಳ ಕೆಲಸವೆಲ್ಲ ಹಳೆಯ ಕೋವಿಗಳದ್ದು. ನಳಿಗೆಯ ಬಾಯಿಗೆ ಮದ್ದು ಸುರಿದು ಸರಳಿನಿಂದ ಜಡಿಯುವ ಜೋಡಿನಳಿಗೆಯವು. ನಳಿಗೆಗಳ ನಡುವೆ ಮೇಲೊಂದು ಪಟ್ಟಿ, ಕೆಳಗೊಂದು ಪಟ್ಟಿ, ಕೆಳಪಟ್ಟಿಗೆ ಸರಳು ತೂರಿಸುವ ಉಂಗುರಗಳು, ತುದಿಯಲ್ಲಿ ಗುರಿ ನೋಡಲು ಸಾಸಿವೆಯಷ್ಟು ಮಣಿ. ಎಲ್ಲವೂ ತವರದ ಬೆಸುಗೆಯ ಮೇಲೇ ನಿಲ್ಲಬೇಕು. ಉಜ್ಜಿ, ದ್ರಾವಕ ಸವರಿ, ತವರ ಬಳಿದು, ತಂತಿಯಿಂದ ಬಿಗಿದು ಕಾಯಿಸಬೇಕು. ತವರ ಮಿರಿಮಿರಿ ಹೊಳೆಯುತ್ತ ಸಂದಿಗೆ ಇಳಿಯುವವರೆಗೆ ಉಸಿರು ಬಿಗಿಹಿಡಿಯಬೇಕು. ಆರಿದ ಮೇಲೆ ನಳಿಗೆಯನ್ನು ತೂಗುಹಾಕಿ ಬೆರಳಗೆಣ್ಣಿನಿಂದ ಕುಟ್ಟುವುದು. ಬೆಸುಗೆ ಕೂತಿದ್ದರೆ ಗಂಟೆಯ ನಾದ. ಕೂದಲೆಳೆಯಷ್ಟು ಟೊಳ್ಳಿದ್ದರೂ ಡಬ್ಬಿಯಲ್ಲಿ ಸಿಕ್ಕಿಬಿದ್ದ ದುಂಬಿಯ ಗುಂಯ್. ಅಪ್ಪ ಕಲಿಸಿದಂತೆ ಅಕ್ಕ ಬಲಗಿವಿ ಒಡ್ಡಿ ಕೇಳುತ್ತಿದ್ದಳು. ಅವಳು ಗುಂಯ್ ಎಂದರೆ ಮುಗಿಯಿತು, ಮೇಲ್ಮನವಿಯಿಲ್ಲ.

ಅವಳ ಪಕ್ಕದಲ್ಲೇ ಕೂತು ಇಪ್ಪತ್ತು ವರ್ಷ ಬೆಸೆದವನು ತಮ್ಮ. ಮಾತು ಕಮ್ಮಿ, ಕೈ ಚುರುಕು. ಅಂಥವನ ಕೆಲಸದಲ್ಲಿ ಒಂದು ವರ್ಷ ಇದ್ದಕ್ಕಿದ್ದಂತೆ ಗುಂಯ್ ಶುರುವಾಯಿತು. ಅಕ್ಕನಿಗೆ ತನ್ನ ಬೆಸುಗೆಯಲ್ಲೂ ಒಮ್ಮೊಮ್ಮೆ ಕೇಳಿಸುತ್ತಿತ್ತು. ಆಗ, ಪಟ್ಟಿ ಉಜ್ಜಿಕೊಟ್ಟವನು ಅವನೇ ತಾನೆ, ಎಂದುಕೊಂಡು ಸಮಾಧಾನಪಡುತ್ತಿದ್ದಳು.

ಒಂದು ಬೆಳಿಗ್ಗೆ ಕೋವಿಯ ಯಜಮಾನ, ಹಿಡಿ ಕೆತ್ತುವ ಬಡಗಿ, ಗುರಿಯಾಟದ ಗೀಳಿನ ಇಬ್ಬರು ಅಂಗಡಿಯಲ್ಲಿದ್ದರು. ಅಕ್ಕ ನಳಿಗೆ ಕುಟ್ಟಿದಳು.

"ಮತ್ತೆ ಗುಂಯ್ ಅಂತಿದೆ. ಬಿಚ್ಚು."

"ಮೂರು ಸಲ ಬಿಚ್ಚಿದ್ದೀನಿ ಅಕ್ಕ. ಸಂದಿ ಇಲ್ಲ."

"ಸಂದಿ ಇಲ್ಲದೆ ದುಂಬಿ ಎಲ್ಲಿಂದ ಬಂತು? ನೀನು ಹಲ್ಲುಜ್ಜೋ ಹಾಗೆ ಪಟ್ಟಿ ಉಜ್ಜಿದ್ರೆ ಇನ್ನೇನಾಗುತ್ತೆ. ನಿಂಗೆ ಕೋವಿ ಹೇಳಿದ್ದಲ್ಲ ಕಣೋ. ಬಕೆಟ್ ಬೆಸೆಯೋಕೆ ಹೋಗು."

ಯಾರೋ ಕಿಸಕ್ಕನೆ ನಕ್ಕರು. ತಮ್ಮ ಕಾದ ಸಲಾಕೆಯನ್ನು ಕೆಳಗಿಟ್ಟ, ಕೈ ತೊಳೆದ, ಹೋದ. ವಾರ ಕಳೆಯುವುದರೊಳಗೆ ತಗಡಿನ ಕಾರ್ಖಾನೆ ಸೇರಿ ನಿಜಕ್ಕೂ ಬಕೆಟ್ ಬೆಸೆಯತೊಡಗಿದ.

ಆರು ವರ್ಷ ಹೀಗೇ ಕಳೆಯಿತು. ತಮ್ಮ ಹೋದರೂ ಗುಂಯ್ ಹೋಗಲಿಲ್ಲ. ಈಗಿನ ತವರವೇ ಸರಿಯಿಲ್ಲ ಎಂದು ಅಕ್ಕ ತವರ ಮಾರುವವನನ್ನು ಬೈದಳು, ದ್ರಾವಕವನ್ನು ಬೈದಳು. ಬೈಯಲು ಇನ್ನು ಏನೂ ಉಳಿಯದಿದ್ದಾಗ ಒಂದು ಒಂಟಿ ನಳಿಗೆ ಬಂತು. ಬರೀ ನಳಿಗೆ. ಪಟ್ಟಿಯಿಲ್ಲ, ಉಂಗುರವಿಲ್ಲ, ಮಣಿ ಕೂಡ ಇನ್ನೂ ಕೂರಿಸಿರಲಿಲ್ಲ. ಒರೆಸಲು ತೂಗುಹಾಕಿದವಳು ಅಭ್ಯಾಸಬಲದಿಂದ ಒಮ್ಮೆ ಕುಟ್ಟಿದಳು.

ಗುಂಯ್.

ಸಡಿಲವಾಗಲು ಅದರಲ್ಲಿ ಏನಿತ್ತು? ಬಲಗಿವಿಯನ್ನು ಅಂಗೈಯಿಂದ ಮುಚ್ಚಿ ಮತ್ತೆ ಕುಟ್ಟಿದಳು. ತೊಳೆದಿಟ್ಟಂಥ ನಾದ. ಕೈ ತೆಗೆದು ಕುಟ್ಟಿದಳು. ದುಂಬಿ. ಸುತ್ತಿಗೆಯ ಸದ್ದಿನಿಂದಲೋ ವಯಸ್ಸಿನಿಂದಲೋ, ಟೊಳ್ಳಾಗಿದ್ದದ್ದು ಅವಳ ಕಿವಿ. ಅಕ್ಕ ಮುಖಕ್ಕೆ ಸೆರಗು ಒತ್ತಿಕೊಂಡು ಬೆಂಚಿನ ಮೇಲೆ ಕುಸಿದಳು. ಅಂಗಡಿಯಲ್ಲಿ ಯಾರೂ ಇರಲಿಲ್ಲ, ಆದರೂ ತಲೆಯೆತ್ತಲಾಗಲಿಲ್ಲ.

ನಾಚಿಕೆ ಅಲ್ಲಿಗೇ ನಿಂತಿದ್ದರೆ ಆಗಿತ್ತು. ಮರುದಿನ ಗಿರಾಕಿಯೊಬ್ಬ ಜೋಡಿನಳಿಗೆ ತಂದಾಗ ಅಕ್ಕ ಏನೂ ಆಗದವಳಂತೆ ಅದೇ ಬಲಗಿವಿ ಒಡ್ಡಿದಳು, ಅದೇ ಗತ್ತಿನಲ್ಲಿ ತಲೆದೂಗಿದಳು. ಹನ್ನೊಂದು ದಿನ ಹೀಗೆ ನಡೆಸಿದಳು. ಹನ್ನೆರಡನೆಯ ದಿನ ಬಡಗಿಯನ್ನು ಕರೆದು ಒಂಟಿ ನಳಿಗೆಯನ್ನು ಕುಟ್ಟಿ ತೋರಿಸಿ ಎಲ್ಲವನ್ನೂ ಹೇಳಿದಳು.

ಬಡಗಿ ನೆಲ ನೋಡಿದ. "ಅವತ್ತೂ ನಂಗೆ ಗಂಟೆ ಥರಾನೇ ಕೇಳಿಸಿತ್ತು ಅಕ್ಕ. ನಿಮ್ಮ ಕಿವಿಯ ಮುಂದೆ ನಂದೇನು ಅಂತ ಸುಮ್ಮನಾದೆ. ಸುಮ್ಮನಾದದ್ದೂ ಅಲ್ಲ. ನಕ್ಕವನು ನಾನೇ."

ರಜೆಯ ದಿನ ಅಕ್ಕ ತಮ್ಮನ ಮನೆಗೆ ಹೋದಳು. ಅವನ ಹೆಂಡತಿ ನೀರು ಕೊಟ್ಟು ಬಟ್ಟೆ ಒಣಗಿಸುವ ನೆಪದಲ್ಲಿ ಹೊರಗೆ ಹೋದಳು. ಅಡುಗೆಮನೆಯ ಸ್ಟೂಲಿನ ಮೇಲೆ ಕೂತು ಅಕ್ಕ ಹೇಳಿದಳು. ತಮ್ಮ ಬೆರಳಿನ ಸುಟ್ಟ ಗಾಯ ಸವರಿಕೊಳ್ಳುತ್ತ ಕೇಳಿದ.

"ನಾನೂ ಆಮೇಲೆ ನಂಬಿಬಿಟ್ಟೆ ಅಕ್ಕ, ನನ್ನ ಕೈಯೇ ಕೆಟ್ಟಿದೆ ಅಂತ. ಬಕೆಟ್ ಬೆಸೆದ್ರೂ ನೀರು ತುಂಬಿ ಎರಡೆರಡು ಸಲ ನೋಡ್ತೀನಿ. ಕಾರ್ಖಾನೇಲಿ ನನ್ನ ಹೆಸರೇ ಗುಂಯ್ ಗೊತ್ತಾ?"

ಅಕ್ಕನಿಗೆ ಗೊತ್ತಿರಲಿಲ್ಲ.

"ಬೆಂಚಿಗೆ ವಾಪಸ್ ಬಾರೋ."

"ನೀನು ಕುಟ್ಟಿ ಕೇಳೋ ಜಾಗದಲ್ಲಿ ನಂಗಿನ್ನು ಕೈ ಓಡಲ್ಲ." ಗಾಯದಿಂದ ಕಣ್ಣೆತ್ತಿ ಅಂದ, "ಅವತ್ತು ನಾಲ್ಕು ಜನರ ಎದುರು ಅಂದೆ. ಇವತ್ತು ಅಡುಗೆಮನೇಲಿ ಪಿಸುಗುಟ್ತಾ ಇದೀಯ."

ಅಕ್ಕ ಎದ್ದು ಹೊರಟಳು. ನೀರಿನ ಲೋಟ ಹಾಗೇ ಉಳಿಯಿತು.

ಆಮೇಲಿನ ಒಂದು ವಾರ ಅಕ್ಕ ಬೆಸೆಯಲಿಲ್ಲ. ಅಂಗಡಿಯನ್ನೂ ಅದರ ಹಿಂದೆ ತಾನಿದ್ದ ಎರಡು ಕೋಣೆಗಳನ್ನೂ ಗುಡಿಸಿ, ಸಲಾಕೆಗಳನ್ನು ತಮ್ಮನ ಕೈಗೆ ಎಟುಕುವಂತೆ ಜೋಡಿಸಿದಳು. ಚಿಕ್ಕಮ್ಮನ ಮಗಳ ಮನೆಯ ಮಹಡಿಯಲ್ಲಿ ತನಗಿರಲು ಒಂದು ಕೋಣೆ ಕೇಳಿಟ್ಟಳು. ತಗಡಿನ ಕಾರ್ಖಾನೆಯವರು ಊಟಕ್ಕೆ ಅಂಗಳದಲ್ಲಿ ಕೂರುವ ಹೊತ್ತನ್ನು ವಿಚಾರಿಸಿಕೊಂಡಳು. ಅಲ್ಲಿ ನಾಲ್ಕಲ್ಲ, ನಲವತ್ತು ಜನ.

"ನಾನೂ ಬರ್ತೀನಿ, ನಿಮ್ಮ ಪಕ್ಕ ನಿಂತ್ಕೋತೀನಿ. ಈ ಸಲ ನಗೋದು ಅವರ ಪಾಳಿ," ಎಂದ ಬಡಗಿ. ಬಟ್ಟೆಗಂಟು ಅವನೇ ಹೊತ್ತ.

ಅಕ್ಕ ಬಾಗಿಲೆಳೆದು ಬೀಗ ಹಾಕಿದಳು. ತಮ್ಮನಿಗೆ ಕೊಡಬೇಕಾದ ಕೀಲಿ ಅಂಗೈಯಲ್ಲಿತ್ತು. ಅಷ್ಟು ಜನರ ಎದುರು ಆಡಬೇಕಾದ ಮೊದಲ ಮಾತು ಇನ್ನೂ ಸಿಕ್ಕಿರಲಿಲ್ಲ. ಸಿಗುವವರೆಗೆ ಕಾದರೆ ಊಟದ ಹೊತ್ತು ಮೀರುತ್ತದೆ ಎಂದುಕೊಂಡು ಮೆಟ್ಟಿಲಿಳಿದಳು.