ಕೆಂಪಕ್ಷರದ ಮೊದಲ ತಕರಾರು

ನಮ್ಮ ಗೌರಿಯ ಪ್ರೋಗ್ರಾಮು ಓಡಿತ್ರಿ! ಮೂರು ದಿನದಿಂದ ಲ್ಯಾಪ್‌ಟಾಪಿನ ಮುಂದೆ ಕೂತು ಕಣ್ಣು ಕೆಂಪಗೆ ಮಾಡಿಕೊಂಡಿದ್ದ ನನ್ನ ಮೊಮ್ಮಗಳು ಇಂದು ಮಧ್ಯಾಹ್ನ "ಆಯೀ, ಓಡ್ತು!" ಎಂದು ಕೂಗಿದ ಕೂಗಿಗೆ ಅಂಗಳದಲ್ಲಿ ಕಾಳು ಹೆಕ್ಕುತ್ತಿದ್ದ ಗುಬ್ಬಿಗಳೆಲ್ಲ ಹಾರಿಹೋದವು. ನಾನೂ ಹಾರುತ್ತಿದ್ದೆನೇನೋ, ಮೊಣಕಾಲು ಬಿಡಲಿಲ್ಲ.

ಸುರೇಬಾನದ ನೇಕಾರರ ಓಣಿಯಲ್ಲಿ ಹುಟ್ಟಿ, ನಾಲ್ಕನೇ ಇಯತ್ತೆಗೆ ಸಾಲಿ ಬಿಟ್ಟು, ಮಗ್ಗದ ಕುಣಿಯಲ್ಲಿ ಕಾಲಿಳಿಬಿಟ್ಟು ಆಯುಷ್ಯ ಸವೆಸಿದ ನನಗೆ ಪ್ರೋಗ್ರಾಮೆಂದರೆ ಏನು ತಿಳಿದೀತು, ನೀವೇ ಹೇಳ್ರಿ. ಗೌರಿ ತಿಳಿಸಿದ್ದಿಷ್ಟು: ನಾವು ಬರೆದದ್ದನ್ನು ಯಂತ್ರದ ಭಾಷೆಗೆ ತಿರುಗಿಸುವ ಕಂಪೈಲರ್ ಎಂಬವನೊಬ್ಬ ಒಳಗಿರುತ್ತಾನೆ, ಬರಹದಲ್ಲಿ ಎಡವಟ್ಟು ಕಂಡರೆ ಮುಂದೆ ಬಿಡದೆ, ಇಂಥ ಸಾಲಿನಲ್ಲಿ ಎಂದು ಕೆಂಪಕ್ಷರದಲ್ಲಿ ತಕರಾರು ಬರೆಯುತ್ತಾನೆ. ಅಂಥವು ಮೂವತ್ತೇಳು ಬಂದಿದ್ದವು. ನಾಳೆ ರಾಮದುರ್ಗದ ಕಾಲೇಜಿನಲ್ಲಿ ಮಾಸ್ತರರಿಗೆ ತೋರಿಸಬೇಕು. ಹುಡುಗಿ ಕೆಳಗಿನಿಂದ ಒಂದೊಂದನ್ನೇ ತಿದ್ದುತ್ತ ಹೋದಳು, ತಿದ್ದಿದಷ್ಟೂ ಬೆಳೆದವು. "ನನ್ನ ಕೈಲೆ ಆಗೂದಿಲ್ಲ ಆಯಿ, ಕಾಲೇಜ ಬಿಟ್ಟಬಿಡ್ತೇನಿ" ಎಂದು ಅತ್ತಳು.

ನನಗೆ ಗೊತ್ತಿದ್ದದ್ದು ಮಗ್ಗದ ಮಾತೊಂದೇ. "ಸೀರ್ಯಾಗ ಗೆರಿ ಬಿದ್ರ ಗೆರಿ ತಿದ್ದಾಕ ಹೋಗಬಾರದವಾ. ಅದು ಎಲ್ಲಿ ಸುರು ಆಗೇತಿ, ಅಲ್ಲಿಗೆ ಹೋಗು. ಅಲ್ಲೊಂದು ಹಾಸಿನ ಎಳಿ ಹರಿದಿರತೈತಿ. ಗಂಟ ಹಾಕು" ಅಂದೆ.

ಗೌರಿ ಕಣ್ಣೊರೆಸಿಕೊಂಡು, ತಾನು ಕೆಡಿಸಿದ್ದನ್ನೆಲ್ಲ ಮೊದಲಿನಂತೆ ಮಾಡಿ, ಎಲ್ಲಕ್ಕಿಂತ ಮೇಲಿನ ತಕರಾರು ಓದಿದಳು. ಅದು ತೋರಿಸಿದ ಸಾಲು ನೆಟ್ಟಗಿತ್ತು. ಅದರ ಮೇಲಿನ ಸಾಲಿನಲ್ಲಿ ತೆರೆದ ಕಂಸವೊಂದನ್ನು ಮುಚ್ಚುವುದು ಮರೆತಿದ್ದಳು. ಮುಚ್ಚಿದಳು. ಕೆಂಪೆಲ್ಲ ಮಾಯ!

ಹಿಗ್ಗಿನಿಂದ ಅವಳ ಗಲ್ಲ ಹಿಂಡಿದವಳಿಗೆ ಮರುಗಳಿಗೆಯೇ ಇನ್ನೊಂದು ಕೆಂಪು ನೆನಪಾಯಿತು. ಗೌರಿಯ ಅವ್ವ, ನನ್ನ ಮಗಳು ಶಾಂತಾ, ಆರನೇ ಇಯತ್ತೆಯಲ್ಲಿದ್ದಾಗ ಲೆಕ್ಕದ ವಹಿ ತಂದು ತೋರಿಸಿದ್ದಳು. ಹಾಳೆ ತುಂಬ ಮಾಸ್ತರರು ತಪ್ಪಿಗೆ ಹೊಡೆದ ಕೆಂಪು ಕಾಟು. ಅವಳು ಏನೋ ಹೇಳುತ್ತಿದ್ದಳು. ನಾನು ಲಾಳಿ ನಿಲ್ಲಿಸಲಿಲ್ಲ. "ಇಷ್ಟ ತಪ್ಪ ಮಾಡಾಕಿಗೆ ಸಾಲಿ ಯಾಕ? ಕುಂತು ನೂಲು ಸುತ್ತು" ಅಂದುಬಿಟ್ಟೆ. ಅಂದಿನಿಂದ ಸುತ್ತುತ್ತಲೇ ಇದ್ದಾಳೆ. ಎಳೆ ಹರಿಯಿತೆಂದು ಒಂದು ಸೀರೆಯನ್ನೂ ಬಿಸಾಡದ ಈ ಕೈ, ಮಗಳ ಸಾಲಿಯನ್ನು ಮಾತ್ರ ಕತ್ತರಿಸಿ ಒಗೆಯಿತಲ್ಲ. ಮಗ್ಗದ ಮುಂದೆ ಇದ್ದ ಬುದ್ಧಿ ಮಗಳ ಮುಂದೆ ಎಲ್ಲಿ ಹೋಗಿತ್ತೋ.

ಸಂಜೆ ಹೋಳಿಗೆ ಮಾಡಿದೆವು. ಎಲ್ಲರಿಗೂ ಬಡಿಸಿ ಕಡೆಗೆ ಉಣ್ಣುವ ಶಾಂತಾಳನ್ನು ರೆಟ್ಟೆ ಹಿಡಿದು ಮೊದಲ ತಾಟಿನ ಮುಂದೆ ಕೂರಿಸಿದೆ. "ಅವತ್ತ ಆ ವಹಿ ಹಿಡ್ಕೊಂಡು ಏನ್ ಹೇಳಾಕ ಬಂದಿದ್ದಿ?" ಎಂದು ಕೇಳಿದೆ.

ಶಾಂತಾ ತಾಟನ್ನು ತುಸು ಹತ್ತಿರ ಎಳೆದುಕೊಂಡಳು. "ಮೊದಲನೇ ಲೆಕ್ಕ ಒಂದ ತಪ್ಪಿತ್ತ ಬೇ. ಅದರ ಉತ್ತರಾ ಹಿಡದ ಉಳದದ್ದು ಮಾಡೂದಿತ್ತು. ಹೇಳಿದ್ನಿ. ಮಗ್ಗದ ಸಪ್ಪಳದಾಗ ನಿನಗ ಕೇಳಲಿಲ್ಲ."

ಗೌರಿಯ ಅಪ್ಪ, ನನ್ನ ಅಳಿಯ, "ಈಗರ ಕೇಳ್ತಲ್ರಿ ಅತ್ತಿ, ತುಪ್ಪಾ ಹಾಕ್ರಿ, ಹೋಳಗಿ ಆರಾಕತ್ತಾವ" ಎಂದ. ಗೌರಿ ಕಿಸಕ್ಕನೆ ನಕ್ಕಳು, ಶಾಂತಾಳೂ ನಕ್ಕಳು, ಎಲ್ಲರೂ ತಾಟಿಗೆ ಕೈಹಾಕಿದರು. ನಾನು ಮಗಳ ಹೋಳಿಗೆಯ ಮೇಲೆ ತುಪ್ಪ ಸುರಿದೆ. "ಸಾಕ ಬೇ" ಅಂದಳು. ಕೇಳಿಸಿತು. ಆದರೂ ಸುರಿಯುತ್ತಲೇ ಇದ್ದೆ.