ಉಪ್ಪು ಕಾಫಿಯ ಅಡುಗೆಯವನು

ಅವಳು ಆ ಹೋಟೆಲಿನ ಅಡುಗೆಮನೆಗೆ ಕಾಲಿಟ್ಟ ಮೊದಲ ದಿನ, ನಲ್ಲಿ ಎಲ್ಲಿದೆ, ಸೋಪು ಎಲ್ಲಿದೆ ಎಂದು ಅಡುಗೆಯವನು ತೋರಿಸಲಿಲ್ಲ. ಒಂದು ಚಮಚ ಸೂಪು ತುಂಬಿ ಮುಂದೆ ಹಿಡಿದ.

"ಉಪ್ಪು ಸಾಕಾ ನೋಡಿ, ಅಕ್ಕ."

ಪಾತ್ರೆ ತೊಳೆಯಲು ಬಂದ ವಿಧವೆಯನ್ನು ಇಷ್ಟು ಮರ್ಯಾದೆಯಿಂದ ಕೇಳುವವರೂ ಇದ್ದಾರಲ್ಲ ಎಂದುಕೊಂಡು ಅವಳು, "ಇನ್ನೊಂದು ಚಿಟಿಕೆ ಬೇಕು" ಎಂದಳು. ಅವನು ಹಾಕಿದ. ಮರುದಿನವೂ ಕೇಳಿದ, ಅದರ ಮರುದಿನವೂ ಕೇಳಿದ. ಎಂಟನೆಯ ದಿನ ಹಾಲು ತಳ ಹಿಡಿದು, ಸೀದ ವಾಸನೆ ಹಿತ್ತಲ ಬಚ್ಚಲವರೆಗೆ ಬಂತು. ಅವಳು ಕೈ ಒರೆಸಿಕೊಳ್ಳುತ್ತ ಒಳಗೆ ಬಂದು ನೋಡಿದರೆ ಅವನು ಅದೇ ಒಲೆಯ ಪಕ್ಕ ನಿಂತು ಈರುಳ್ಳಿ ಹೆಚ್ಚುತ್ತಿದ್ದಾನೆ. ಅವಳು ಪಾತ್ರೆ ಇಳಿಸಿದಳು.

"ಗೊತ್ತಾಯ್ತಾ?" ಎಂದ.

"ಯಾವಾಗಿಂದ?"

"ಎರಡು ವರ್ಷ ಆಯ್ತು. ಒಂದು ಜ್ವರ ಬಂತು, ಹೋಗುವಾಗ ಮೂಗು, ನಾಲಿಗೆ ಎರಡನ್ನೂ ಗಂಟು ಕಟ್ಕೊಂಡು ಹೋಯ್ತು. ಕೈ ಅಳತೆ ಮೇಲೆ ಹೇಗೋ ನಡೀತಿದೆ. ಯಜಮಾನರಿಗೆ ತಿಳಿದ್ರೆ ಈ ಒಲೆ ಮುಂದೆ ನಿಲ್ಲೋಕೆ ಬಿಡಲ್ಲ, ಅಕ್ಕ. ಹದಿನಾರನೇ ವಯಸ್ಸಿಂದ ನಿಂತಿದ್ದೀನಿ. ಬೇರೆ ಏನೂ ಬರಲ್ಲ ನನಗೆ."

"ನಾನ್ಯಾರಿಗಪ್ಪ ಹೇಳ್ಲಿ? ನನ್ನ ಮಾತು ಕೇಳೋದು ಈ ಬೋಗುಣಿಗಳು ಮಾತ್ರ."

ಅಂದಿನಿಂದ ಅವನ ಪಾಲಿನ ನಾಲಿಗೆಯೂ ಅವಳದೇ ಆಯಿತು. ಪ್ರತಿ ಪಾತ್ರೆ ಇಳಿಸುವ ಮುಂಚೆ ಅವಳು ಒಳಗೆ ಬಂದು ಒಂದು ಚಮಚ ಬಾಯಿಗೆ ಹಾಕಿಕೊಂಡು ಹೋಗುತ್ತಿದ್ದಳು. ನೋಡಿದವರು, ಮುದುಕಿಗೆ ಬಾಯಿ ಚಪಲ ಎಂದುಕೊಂಡರು. ಅಂದುಕೊಳ್ಳಲಿ ಬಿಡಿ ಎಂದು ಸುಮ್ಮನಿದ್ದಳು.

ಕಷ್ಟ ಶುರುವಾದದ್ದು ಯಜಮಾನನ ಫೋನಿನಿಂದ. ಹಳೆಯ ಯಜಮಾನ ತೀರಿಕೊಂಡು ಮಗ ಗಲ್ಲಾಪೆಟ್ಟಿಗೆಯ ಮುಂದೆ ಕೂತಿದ್ದ. ವಾರಕ್ಕೊಮ್ಮೆ ಫೋನು ಹಿಡಿದು ಒಳಗೆ ಬರುತ್ತಿದ್ದ.

"ಮಾಮ, ಇದು ನೋಡಿ. ಜಗತ್ತೆಲ್ಲ ಈಗ ಇದನ್ನೇ ತಿಂತಿದೆ."

ಒಂದು ವಾರ ಇದ್ದಿಲ ಪುಡಿ ಕಲಸಿದ ಕಪ್ಪು ಬ್ರೆಡ್ಡು. ಇನ್ನೊಂದು ವಾರ ನೀಲಿ ನೂಡಲ್ಸು, ನಿಂಬೆ ಹಿಂಡಿದರೆ ನೇರಳೆಯಾಗುವಂಥದ್ದು. ಆಮೇಲೆ ಹೊಗೆಯುಗುಳುವ ಐಸ್‌ಕ್ರೀಮು, ಮೋಡದ ಹಾಗೆ ಉಬ್ಬಿಸಿದ ಮೊಟ್ಟೆ. ಒಂದಕ್ಕೆ ಕೈ ಕುದುರುವಷ್ಟರಲ್ಲಿ ಮತ್ತೊಂದು ಬಂದು ಕೂರುತ್ತಿತ್ತು. ಅವುಗಳ ರುಚಿ ಹೇಗಿರಬೇಕೆಂದು ಅವನಿಗೂ ತಿಳಿಯದು, ಅವಳಿಗೂ ತಿಳಿಯದು.

"ಹೇಗಿದೆ, ಅಕ್ಕ?"

"ಇದ್ದಿಲಿದೆ, ಬ್ರೆಡ್ಡಿದೆ. ರುಚಿ ಇನ್ನೂ ದಾರೀಲಿದೆ."

ಅವನು ನಗುತ್ತಿದ್ದ, ಆದರೆ ನಕ್ಕು ಮುಗಿಸುವಷ್ಟು ಶಕ್ತಿ ಇರುತ್ತಿರಲಿಲ್ಲ. ನೀಲಿ ಹತ್ತಿದ ಪಾತ್ರೆ ತಿಕ್ಕಿ ತಿಕ್ಕಿ ಅವಳ ಬೆರಳ ಸಂದಿಯೂ ನೀಲಿಯಾಗಿತ್ತು.

ನೊರೆ ಕಾಫಿಯ ವಾರ ಬಂತು. ಕಾಫಿ, ಪುಡಿಸಕ್ಕರೆ, ಬಿಸಿನೀರು ಸೇರಿಸಿ ನೊರೆಯೇಳುವ ತನಕ ಬಡಿದು, ತಣ್ಣಗಿನ ಹಾಲಿನ ಮೇಲೆ ಕೂರಿಸುವುದು. ಅವತ್ತು ಅವಳು ಕಣ್ಣು ತೋರಿಸಲು ಆಸ್ಪತ್ರೆಗೆ ಹೋಗಿದ್ದಳು. ಸಂಜೆ ಬಂದು ನೋಡಿದರೆ ತೊಟ್ಟಿಯ ಪಕ್ಕ ನಲವತ್ತು ಲೋಟ, ಎಲ್ಲವೂ ತುಂಬಿದ್ದವು, ಒಂದೊಂದು ಗುಟುಕು ಮಾತ್ರ ಇಳಿದಿತ್ತು. ಬೆರಳದ್ದಿ ನೆಕ್ಕಿದಳು. ಉಪ್ಪು.

ಹಿಂದಿನ ಸಂಜೆ ಉಪ್ಪಿನ, ಪುಡಿಸಕ್ಕರೆಯ ಡಬ್ಬಿಗಳನ್ನು ತೊಳೆದು, ಒಣಗಿಸಿ, ತುಂಬಿಟ್ಟವಳು ಅವಳೇ. ಎಡಗಡೆಯದು ಬಲಗಡೆಗೆ ಹೋಗಿತ್ತು. ಅವನು ಡಬ್ಬಿ ನೋಡುವವನಲ್ಲ, ಜಾಗ ನೋಡಿ ಕೈ ಹಾಕುವವನು.

ಕಾಫಿಗೆ ಉಪ್ಪು ಬಿದ್ದಿದೆ ಎಂದಷ್ಟೇ ಅವಳು ಹೇಳಿದಾಗ ಅವನು ಒಂದು ಲೋಟ ಎತ್ತಿ ನೋಡಿದ. "ನಲವತ್ತು ಜನ ಫೋಟೋ ತೆಗ್ಕೊಂಡು ಎದ್ದು ಹೋದ್ರಲ್ಲ, ಅಕ್ಕ. ಒಬ್ಬರಾದ್ರೂ ಬೈಯ್ಯಬಾರದಿತ್ತಾ?"

ಬೈಯಲು ಯಾರೂ ಬರಲಿಲ್ಲ; ಉಪ್ಪು ಹಾಕಿದ ಕಾಫಿ ಎಂದು ಆ ಫೋಟೋಗಳೇ ಊರೆಲ್ಲ ಹರಡಿದವು. ಮೂರನೆಯ ದಿನ ಒಬ್ಬ ಹುಡುಗಿ ಹೊಗಳಲು ಬಂದಳು. ತಿಂಡಿ ತಿನ್ನುವುದನ್ನು ಚಿತ್ರ ತೆಗೆದು ಊರಿಗೆಲ್ಲ ತೋರಿಸುವುದು ಅವಳ ಕೆಲಸ. ಯಜಮಾನ ಆಗಲೇ ಹಲಗೆಯ ಮೇಲೆ 'ಉಪ್ಪು ಕಾಫಿ' ಎಂದು ಬರೆಸಿದ್ದ. ಹುಡುಗಿ ಫೋನನ್ನು ಅಡುಗೆಯವನ ಮುಖಕ್ಕೆ ಹಿಡಿದಳು.

"ಈ ಐಡಿಯಾ ಹೇಗೆ ಹೊಳೀತು, ಅಂಕಲ್?"

"ಹೇಳಿ ಮಾಮ, ನಾಚ್ಕೋಬೇಡಿ" ಎಂದ ಯಜಮಾನ.

ಬಾಗಿಲ ಹಿಂದೆ ನಿಂತಿದ್ದ ಅವಳು, ಏನಾದರೊಂದು ಸುಳ್ಳು ಹೇಳಿಬಿಡು ಎಂದು ಕಣ್ಣಲ್ಲೇ ಸನ್ನೆ ಮಾಡಿದಳು. ಅವನಿಗೆ ಅದು ಕಂಡಿತು, ಆದರೆ ಸುಳ್ಳು ಕಟ್ಟಲು ಅವನಿಗೆ ತ್ರಾಣವಿರಲಿಲ್ಲ.

"ಹೊಳೀಲಿಲ್ಲಮ್ಮ. ನನಗೆ ರುಚಿ ತಿಳಿಯಲ್ಲ. ಉಪ್ಪೂ ಒಂದೇ, ಸಕ್ಕರೆನೂ ಒಂದೇ."

ಡಬ್ಬಿಯ ಮಾತು ಎತ್ತಲಿಲ್ಲ.

ಯಜಮಾನ ರೇಗುತ್ತಾನೆ ಎಂದು ಅವಳು ಕಾದಳು. ಅವನು ರೇಗಲಿಲ್ಲ. ಎರಡು ದಿನಕ್ಕೆ ಬಾಗಿಲ ಮುಂದೆ ಸಾಲು ನಿಂತಿತು, ನಾಲಿಗೆಯಿಲ್ಲದ ಅಡುಗೆಯವನನ್ನು ನೋಡಲು. ಒಲೆಗೆ ಹೊಸಬನೊಬ್ಬ ಬಂದ. ಅಡುಗೆಯವನಿಗೆ ಮುಂಭಾಗದ ಗಾಜಿನ ಪಕ್ಕ ಕುರ್ಚಿ ಬಿತ್ತು. ಜನ ಮೆಣಸಿನಕಾಯಿ, ಕಹಿ ಸೊಪ್ಪು, ಹುಳಿಹುಳಿ ಕಾಯಿ ತಂದು ತಿನ್ನಿಸಿ ಚಿತ್ರ ತೆಗೆದುಕೊಂಡರು. ಕಹಿ, ಹುಳಿ ಅವನಿಗೆ ಮಣ್ಣಿನ ಸಮ. ಖಾರದ ಉರಿ ಮಾತ್ರ ತಿಳಿಯುತ್ತಿತ್ತು. ಅದನ್ನು ಮುಖಕ್ಕೆ ಬರದಂತೆ ತಡೆದು ಕೂರುವುದೇ ಅವನ ಕೆಲಸವಾಯಿತು. ಸಂಜೆ ಹಿತ್ತಲಿಗೆ ಬಂದು, ಹೊಟ್ಟೆ ಹಿಡಿದುಕೊಂಡು ಅವಳ ಬಕೆಟ್ಟಿನ ಪಕ್ಕ ಕೂರುತ್ತಿದ್ದ.

"ಡಬ್ಬಿ ಅದಲುಬದಲು ಮಾಡಿದ್ದು ನಾನೇ ಕಣಪ್ಪ" ಎಂದಳು ಒಂದು ಸಂಜೆ.

"ಗೊತ್ತು. ನಮ್ಮಿಬ್ಬರನ್ನ ಬಿಟ್ರೆ ಡಬ್ಬಿ ಮುಟ್ಟೋರು ಯಾರಿದ್ದಾರೆ?"

"ಬೈದಾದ್ರೂ ಬಿಡು."

"ಬೈಯ್ಯೋಕೂ ಬಾಯಿ ಬೇಕಲ್ಲ, ಅಕ್ಕ. ಉರೀತಿದೆ."

ಒಂದೂವರೆ ತಿಂಗಳಿಗೆ ಸಾಲು ಕರಗಿತು. ಮೂರನೇ ಬೀದಿಯಲ್ಲಿ ಯಾರೋ ಬಕೆಟ್ಟಿನಷ್ಟು ದೊಡ್ಡ ಬನ್ನು ಮಾಡುತ್ತಿದ್ದಾರಂತೆ, ಜನ ಅತ್ತ ಹೋದರು. ಯಜಮಾನ ಕುರ್ಚಿ ಎತ್ತಿಸಿದ. "ಮಾಮ, ಬಹಳ ದುಡಿದ್ರಿ. ಇನ್ನು ಮನೇಲಿ ಆರಾಮಾಗಿರಿ" ಎಂದ. ಮಾತು ಮೆತ್ತಗೇ ಇತ್ತು. ಒಲೆಯ ಮುಂದೆ ಹೊಸಬ ತಿರುಗಿ ನೋಡದೆ ಸೌಟು ಆಡಿಸುತ್ತಿದ್ದ.

ಅಡುಗೆಯವನು ಹೊರಡುವ ಮುಂಚೆ ಹಿತ್ತಲಿಗೆ ಬಂದ. ಮದುವೆಯಾಗದ ಮನುಷ್ಯ. ಸೈಕಲ್ ರಿಪೇರಿ ಅಂಗಡಿಯ ಮೇಲಿನ ಅವನ ಕೋಣೆಯಲ್ಲಿ ಒಲೆಯೇ ಇರಲಿಲ್ಲ. ನಲವತ್ತು ವರ್ಷ ಉಂಡದ್ದೆಲ್ಲ ಇಲ್ಲೇ, ನೂರು ಜನಕ್ಕೆ ಬಡಿಸಿ ಪಾತ್ರೆಯ ತಳದಲ್ಲಿ ಉಳಿದದ್ದು. ಇವತ್ತು ಅವನ ಕೈಯಲ್ಲಿ ಒಂದು ಸಣ್ಣ ಸ್ಟೌವು, ಅಂಗೈಯಗಲದ ಒಂದು ಪಾತ್ರೆ ಇದ್ದವು. ಅವಳು ನಲ್ಲಿ ನಿಲ್ಲಿಸಿ, ಕೈ ಒರೆಸಿಕೊಂಡು ಎದ್ದಳು. ಅವನು ಆ ಪಾತ್ರೆಯನ್ನು ತಿರುವಿ ತಿರುವಿ ನೋಡಿ ಕೇಳಿದ:

"ನೀವು ಒಬ್ಬರಿಗೇ ಮಾಡ್ಕೊಳ್ಳುವಾಗ ಉಪ್ಪು ಎಷ್ಟು ಹಾಕ್ತೀರ, ಅಕ್ಕ?"