ನೊಣ ತಿನ್ನುವ ಗಿಡದ ಮುಂದೆ

ನೊಣ ಎಲೆಯೊಳಗೆ ಎರಡು ಹೆಜ್ಜೆ ಇಟ್ಟಿತಷ್ಟೇ, ಎಲೆಯ ಎರಡೂ ಹೋಳು ಪಟ್ಟನೆ ಮುಚ್ಚಿಕೊಂಡವು.

"ಅಯ್ಯ, ಇದು ನೊಣಾ ತಿಂತೈತೇನ್ರಿ ಅಕ್ಕಾರ?" ಎಂದು ಬಾಡಿಗೆ ಮನೆ ನೋಡಲು ಬಂದಿದ್ದ ಹೆಂಗಸು ಕಣ್ಣರಳಿಸಿದಳು.

ಕೆಲಗೇರಿಯ ನಮ್ಮ ಮನೆಯ ಮಾಳಿಗೆಯ ಮೇಲೆ ಇಂಥ ಗಿಡಗಳನ್ನು ಸಾಕಿದ್ದೇನೆ. ಬೋರಿನ ನೀರು ಇವಕ್ಕೆ ಆಗಿಬರುವುದಿಲ್ಲವೆಂದು ಮಳೆನೀರನ್ನು ಕೊಡಗಟ್ಟಲೆ ಹಿಡಿದಿಡುವುದನ್ನೂ, ನೊಣ ಸಿಗದ ದಿನ ನಾನೇ ಚಿಮಟದಲ್ಲಿ ಹುಳ ಹಿಡಿದು ತಿನ್ನಿಸುವುದನ್ನೂ ಹೆಮ್ಮೆಯಿಂದ ವರ್ಣಿಸಿದೆ. ಆಕೆಗೆ ಮನೆ ಹಿಡಿಸಿತು. ಇಲ್ಲೇ ಹತ್ತಿರದ ಬೇಲೂರು ಕೈಗಾರಿಕಾ ಪ್ರದೇಶದ ಕಾರ್ಖಾನೆಯಲ್ಲಿ ಕೆಲಸ, ಗಂಡ ಹೆಂಡತಿ ಇಬ್ಬರೇ ಎಂದಳು. ಬಾಡಿಗೆಗೆ ಬಂದವರನ್ನೆಲ್ಲ ಕೇಳುವಂತೆ ಆಕೆಯನ್ನೂ ಕೇಳಿದೆ.

"ನೀವು ಮಾಂಸ ತಿಂತೀರೇನ್ರಿ?"

"ಹೂಂರಿ, ಯಾವಾಗರ ಒಮ್ಮೆ."

"ಹಂಗಾದ್ರ ಆಗೂದಿಲ್ರಿ. ನಮ್ಮ ಮನ್ಯಾಗ ದಿನಾ ಲಿಂಗಪೂಜಾ ನಡೀತೈತಿ."

ಆಕೆ ಸಿಟ್ಟಾಗಲಿಲ್ಲ. ಮುಚ್ಚಿದ ಎಲೆಯನ್ನೊಮ್ಮೆ ನೋಡಿ, "ಇದಕ್ಕರ ಜಾಗ ಕೊಟ್ಟೀರಲ್ರಿ, ಛಲೋ ಆತು" ಎಂದು ಮೆಟ್ಟಿಲಿಳಿದು ಹೋದಳು. ನನಗೆ ನಾಚಿಕೆಯಾಯಿತು. ಆದರೂ ಹಿಂದಕ್ಕೆ ಕರೆಯಲಿಲ್ಲ.

ಚಳಿಗಾಲದಲ್ಲಿ ಕಪ್ಪಾಗಿ ಸತ್ತಂತೆ ಮಲಗಿದ್ದ ಆ ಗಿಡ ಶಿವರಾತ್ರಿ ಕಳೆಯುತ್ತಲೇ ಚಿಗುರಿತು. ಬುಡ ಬಿಡಿಸಿ ಎರಡು ಕುಂಡ ಮಾಡಿದೆ. ಒಂದನ್ನು ಆಕೆಗೆ ಕೊಟ್ಟು, ಮನೆಗೆ ಬರ್ರಿ ಎನ್ನಬೇಕೆಂಬ ಆಸೆ. ಆದರೆ ಯಾರೆಂದು ಹುಡುಕಲಿ? ಏನು ತಿನ್ನುತ್ತೀರಿ ಎಂದು ಕೇಳಿದ ನಾನು, ಆಕೆಯ ಹೆಸರನ್ನೇ ಕೇಳಿರಲಿಲ್ಲ.